ಹಡಗಿನಲ್ಲಿ ಮುದ್ದೆ ತಿರುವಿದ ಶಾಗ್ಯದ ರತ್ನ

ಬೆಳಗಿನ ಐದೂಕಾಲು. ಮೇಲಿನ ಅಂತಸ್ತುಗಳಲ್ಲಿ ಎರಡು ಸಾವಿರ ಪ್ರಯಾಣಿಕರು ಇನ್ನೂ ಹೊದ್ದು ಮಲಗಿದ್ದಾರೆ. ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಅಡುಗೆಮನೆಯಲ್ಲಿ ರತ್ನ ಮೊಟ್ಟೆ ಒಡೆಯುತ್ತಿದ್ದಾರೆ. ಎರಡು ಕೈಯಲ್ಲಿ ಎರಡು. ಪಾತ್ರೆಯ ಅಂಚಿಗೆ ಟಕ್ಕೆಂದು ಬಡಿದರೆ ಒಳಗಿನದು ಒಳಗೆ, ಚಿಪ್ಪು ಹೊರಗೆ. ಆರುನೂರು ಮೊಟ್ಟೆಗೆ ಇಪ್ಪತ್ತೈದು ನಿಮಿಷ. ಪಕ್ಕದಲ್ಲಿ ನನ್ನ ಎದೆಯುದ್ದದ ಹಬೆ ಪಾತ್ರೆಯಲ್ಲಿ ನಲವತ್ತು ಕಿಲೋ ಅಕ್ಕಿ ಬೇಯುತ್ತಿದೆ. ಹಡಗು ಒಂದು ಕಡೆಗೆ ವಾಲಿದಾಗ ನಾನು ಕಂಬ ಹಿಡಿದುಕೊಳ್ಳುತ್ತೇನೆ; ರತ್ನ ಸುಮ್ಮನೆ ಒಂದು ಕಾಲು ಅಗಲಿಸಿ ನಿಲ್ಲುತ್ತಾರೆ.

"ಮದ್ವೆ ಆಗಿ ಬಂದ್ ಮನೇಲಿ ಮೊಟ್ಟೆ ಒಳಕ್ಕೇ ತರಂಗಿಲ್ಲ ಸಾ," ಎಂದು ನಗುತ್ತಾರೆ. "ಮೊದಲ್ನೇ ದಿವ್ಸ ಚಿಪ್ಪೆಲ್ಲ ಒಳಕ್ಕೇ ಬಿತ್ತು. ಈಗ ಕಣ್ಮುಚ್ಕಂಡು ಒಡೀತೀನಿ. ತಿನ್ನದು ಮಾತ್ರ ಆಗಲ್ಲ."

ರತ್ನ ಅವರಿಗೆ ಮೂವತ್ತಾರು. ಹನೂರು ತಾಲ್ಲೂಕಿನ ಶಾಗ್ಯದ ಸೊಸೆ. ಆರು ವರ್ಷಗಳಿಂದ ಪ್ರವಾಸಿ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದಾರೆ. ಆದರೆ ಪ್ರಯಾಣಿಕರಿಗಲ್ಲ. ಹಾಸಿಗೆ ಹಾಸುವವರು, ಬಟ್ಟೆ ಒಗೆಯುವವರು, ಎಂಜಿನ್ನಿನ ಬಿಸಿಯಲ್ಲಿ ಬೇಯುವವರು, ವೇದಿಕೆಯ ಮೇಲೆ ಕುಣಿಯುವವರು, ಹೀಗೆ ಒಂಬೈನೂರು ಕೆಲಸಗಾರರು ಈ ಹಡಗಿನಲ್ಲಿದ್ದಾರೆ. ರತ್ನ ಕೆಲಸ ಮಾಡುವುದು ಅವರ ಊಟದ ಅಡುಗೆಮನೆಯಲ್ಲಿ. ಟಿಕೆಟ್ ಕೊಂಡವರಾರೂ ಅವರ ಕೈರುಚಿ ಕಂಡಿಲ್ಲ.

ನನಗೆ ಅವರು ಸಿಕ್ಕಿದ್ದೂ ಆಕಸ್ಮಿಕ. ನಾನು ಪ್ರಯಾಣಿಕನಾಗಿ ಹತ್ತಿದ್ದ, ಮುಂಬೈಯಿಂದ ಕೊಚ್ಚಿಗೆ ಹೊರಟ ಈ ಹಡಗು ಗೋವಾದಲ್ಲಿ ನಿಂತಾಗ, ಬಂದರಿನ ಗೇಟಿನ ಬಳಿ ಒಬ್ಬ ಹೆಂಗಸು ಫೋನಿನಲ್ಲಿ ಗದರುವುದು ಕೇಳಿಸಿತು. "ಲೇ ರಮ್ಯ, ಮೊಸ್ರು ಹಾಕಂಡು ತಿಂದೇ ಇಸ್ಕೂಲ್ಗೋಗು, ನಿಮ್ಮಪ್ಪಂಗೆ ಕೊಡು ಫೋನಾ." ಕೊಳ್ಳೇಗಾಲದಲ್ಲಿ ಓದಿ ಬೆಳೆದ ನನ್ನ ಕಿವಿ ನಿಮಿರಿತು. ಊರು ಯಾವುದೆಂದು ಕೇಳಿದೆ. "ಶಾಗ್ಯ ಕಣ್ರಿ, ನಿಮ್ದು?" ಎಂದರು. ಮೂರನೆಯ ದಿನ ಮೇಲಿನವರ ಅನುಮತಿ ಪಡೆದು, ತಲೆಗೆ ಬಲೆಟೋಪಿ ಹಾಕಿಕೊಂಡು ಅವರ ಅಡುಗೆಮನೆಗೆ ಇಳಿದಿದ್ದೇನೆ.

ಅವರ ತವರು ಯಳಂದೂರು. ಅಪ್ಪ ಪುಟ್ಟಬಸಪ್ಪ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ನಾಲ್ಕು ಬೆಂಚಿನ ಹೋಟೆಲು ಇಟ್ಟಿದ್ದರು. ಶಾಲೆಗೆ ಹೋಗುವ ಮೊದಲು ಚಟ್ನಿಗೆ ಕಾಯಿ ತುರಿದುಕೊಟ್ಟೇ ರತ್ನ ಹೊರಡಬೇಕಿತ್ತು. ಇಪ್ಪತ್ತಕ್ಕೆ ಮದುವೆಯಾಗಿ ಶಾಗ್ಯಕ್ಕೆ ಬಂದರು. ಗಂಡ ಪ್ರಭುಸ್ವಾಮಿ ಮೂರು ಎಕರೆಯಲ್ಲಿ ಅರಿಶಿನ, ರಾಗಿ ಬೆಳೆಯುವ ರೈತ. ಒಲೆಯ ಮುಂದೆ ಬೆಳೆದ ಹುಡುಗಿಗೆ ಮನೆಯ ನಾಲ್ಕು ಜನರ ಅಡುಗೆ ಸಾಲಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಲಾಡ್ಜೊಂದರ ಕ್ಯಾಂಟೀನಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಅಮಾವಾಸ್ಯೆಯ ಜನಜಂಗುಳಿಯಲ್ಲಿ ಒಮ್ಮೆ ಎಂಟುನೂರು ಜನಕ್ಕೆ ಚಿತ್ರಾನ್ನ ಕಲಸಿದ್ದನ್ನು ನೋಡಿದ ಭಕ್ತರೊಬ್ಬರು, ಮೈಸೂರಿನ ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗರು, ತಮ್ಮಲ್ಲಿಗೇ ಕೆಲಸಕ್ಕೆ ಕರೆದರು. ಮೈಸೂರಿನಲ್ಲಿ ನಾಲ್ಕು ವರ್ಷ ದುಡಿದ ಮೇಲೆ ಅವರೇ ಹಡಗಿನ ಕೆಲಸದ ಅರ್ಜಿಯನ್ನೂ ತುಂಬಿಸಿದರು.

ಬೆಂಗಳೂರಿನ ಸಂದರ್ಶನವನ್ನು ರತ್ನ ಈಗಲೂ ಅಭಿನಯಿಸಿ ತೋರಿಸುತ್ತಾರೆ. "ಸಮುದ್ರ ನೋಡಿದ್ದೀಯಾ ಅಂದ್ರು. ಗುಂಡಾಲ್ ಡ್ಯಾಂ ನೋಡಿದ್ದೀನಿ ಸಾ ಅಂದೆ. ಅವ್ರೆಲ್ಲ ನಕ್ಬುಟ್ರು. ಆದ್ರೂ ತಕಂಡ್ರು." ಆಮೇಲೆ ಸುರಕ್ಷತೆಯ ತರಬೇತಿ. ಜೀವರಕ್ಷಕ ಅಂಗಿ ತೊಟ್ಟು ಎತ್ತರದಿಂದ ಈಜುಕೊಳಕ್ಕೆ ಹಾರಬೇಕು. "ಮಾದಪ್ಪಾ ಅಂತ ಕೂಗ್ಕಂಡು ನೆಗ್ದೆ ನೋಡಿ, ನನ್ ಹಿಂದ್ಗಡೆ ಇದ್ದ ಕೇರಳದ ಹುಡ್ಗೀರೂ ಮಾದಪ್ಪಾ ಅನ್ಕಂಡೇ ನೆಗುದ್ರು!"

ಊರು ಸುಮ್ಮನಿರಲಿಲ್ಲ. ಎಂಟು ತಿಂಗಳು ಹೆಂಡತಿಯನ್ನು ಕಡಲಿಗೆ ಕಳಿಸಿದವನೆಂದು ಪ್ರಭುಸ್ವಾಮಿಯವರನ್ನು ಟೀ ಅಂಗಡಿಯಲ್ಲಿ ಕೆಣಕುವವರಿದ್ದರು. 'ನೀನು ಮನೇಲಿ ಸಾರು ಕಾಯ್ಸ್ತೀಯೇನ್ಲಾ?' ಎಂದವರಿಗೆ ಅವರು, 'ಊಂ ಕಣ್ಲಾ, ಬಾ, ನಿಂಗೂ ಒಂದ್ ಲೋಟ ಕೊಡ್ತೀನಿ' ಎಂದರಂತೆ. ಒಬ್ಬಿಬ್ಬರು ನಿಜವಾಗಿಯೂ ಹೋಗಿ ಕುಡಿದು ಬಂದರಂತೆ. ಮಾತು ಅಲ್ಲಿಗೆ ನಿಂತಿತು.

ನಿಲ್ಲದೆ ಉಳಿದದ್ದು ಮಗಳ ಮುನಿಸು. ಆಗ ರಮ್ಯಳಿಗೆ ಆರು ವರ್ಷ. ಅವ್ವ ಹೋದ ಮೇಲೆ ಒಂದೂವರೆ ತಿಂಗಳು ಫೋನಿನ ಹತ್ತಿರವೇ ಸುಳಿಯಲಿಲ್ಲ. ರತ್ನ ಹಡಗಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. "ಬುಟ್ಟು ಬಂದ್ಬುಡಾಣ ಅಂತ ಚೀಲ ಕಟ್ಟಿದ್ದೆ ಸಾ." ಅಷ್ಟರಲ್ಲಿ ಹಡಗು ಕೊಲಂಬೊ ತಲುಪಿತು. ನಾಲ್ಕು ಗಂಟೆಯ ಬಿಡುವಿತ್ತು. ಸಹೋದ್ಯೋಗಿಗಳೆಲ್ಲ ಮಾಲ್‌ಗಳಿಗೆ ಹೋದರೆ ರತ್ನ ದಾರಿ ಕೇಳಿಕೊಂಡು ತರಕಾರಿ ಸಂತೆಗೆ ಹೋದರು. ಅಲ್ಲಿ ಕಟ್ಟು ಕಟ್ಟಾಗಿ ಒಂದೆಲಗದ ಸೊಪ್ಪು ಪೇರಿಸಿಟ್ಟಿದ್ದರು. ಫೋಟೊ ತೆಗೆದು ಮನೆಗೆ ಕಳಿಸಿದರು. ಆ ಸಂಜೆ ಫೋನಿನಲ್ಲಿ ಪುಟ್ಟ ದನಿಯೊಂದು ಕೇಳಿತು. "ಅವ್ವಾ, ನಮ್ ಗದ್ದೆ ಬದಿನ ಸೊಪ್ಪ ಅಲ್ಲಿಗ್ಯಾರು ತಕಂಡೋದ್ರು?"

ಅಂದಿನಿಂದ ರತ್ನ ಇಳಿದ ಪ್ರತಿ ಊರಿನಲ್ಲೂ ಮೊದಲು ಹೋಗುವುದು ಸಂತೆಗೆ. ಸೇಷೆಲ್ಸ್‌ನ ದೀವಿಹಲಸು, ಜಂಜಿಬಾರಿನ ಬೀದಿಯಲ್ಲಿ ಚಾಪೆ ಹಾಸಿ ಒಣಗಿಸಿದ ಲವಂಗ, ಮಸ್ಕತ್ತಿನಲ್ಲಿ ಆಳುದ್ದದ ಮೀನು ಹೊತ್ತು ನಡೆಯುವವರು, ಎಲ್ಲವೂ ಶಾಗ್ಯಕ್ಕೆ ಬರುತ್ತವೆ. ಮಗಳು ಅಟ್ಲಾಸ್ ಬಿಚ್ಚಿ ಊರು ಹುಡುಕುತ್ತಾಳೆ. ಹೆಸರುವಾಸಿ ಕೋಟೆ, ಕಡಲತೀರಗಳನ್ನು ರತ್ನ ನೋಡಿದ್ದು ಕಡಿಮೆ. "ಕೋಟೆ ಎಲ್ಗೂ ಓಗಲ್ಲ. ಸಂತೆ ಮದ್ಯಾನ್ಕೆ ಕರಗೋಯ್ತದೆ," ಎನ್ನುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಇದೇ ಹವ್ಯಾಸ ಅವರ ಕೆಲಸಕ್ಕೇ ಕುತ್ತು ತಂದಿತ್ತು.

ಹಡಗು ಕೀನ್ಯಾದ ಮೊಂಬಾಸಾದಲ್ಲಿ ನಿಂತಿತ್ತು. ಕೆಲಸಗಾರರು ಎರಡೂವರೆಗೆ ಒಳಗಿರಬೇಕು. ಮಾರುಕಟ್ಟೆಯ ಒಂದು ಮೂಲೆಯಲ್ಲಿ, ಕಾಳಿನ ಮೂಟೆಗಳ ಸಾಲಿನಲ್ಲಿ ಕೆಂಪಗೆ ಏನೋ ಕಂಡಿತು. ರತ್ನ ಮೂಟೆಯೊಳಕ್ಕೆ ಕೈ ಹಾಕಿದರು. ಬೆರಳಿಗೇ ಗೊತ್ತಾಯಿತು. ಆದರೂ ನಂಬದೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ರಾಗಿ!

"ಅಂಗಡಿಯಮ್ಮ 'ವಿಂಬಿ, ವಿಂಬಿ' ಅಂತಾಳೆ. ನಾನು 'ರಾಗಿ, ರಾಗಿ' ಅಂತೀನಿ. ಅವ್ಳಿಗೆ ನನ್ ಮಾತು ತಿಳೀದು, ನಂಗೆ ಅವ್ಳುದು ತಿಳೀದು. ಇಬ್ರೂ ನಗ್ತೀವಿ." ಆ ಹೆಂಗಸು ಕೈಸನ್ನೆಯಲ್ಲೇ ಗಂಜಿ ಕಾಯಿಸುವುದನ್ನು ತೋರಿಸಿದಳು, ರತ್ನ ಮುದ್ದೆ ಕಟ್ಟುವುದನ್ನು ತೋರಿಸಿದರು. ಅಲ್ಲೇ ಬೀಸಿಟ್ಟಿದ್ದ ಎರಡು ಕಿಲೋ ಹಿಟ್ಟು ತೆಗೆದುಕೊಂಡು ಗಡಿಯಾರ ನೋಡಿದರೆ ಎರಡು ದಾಟಿ ಐದು ನಿಮಿಷ.

ಆಟೋ ಹತ್ತಿದರು. ಮುಂದೆ ಲಾರಿಗಳ ಸಾಲು. ಆಟೋ ಅಲ್ಲಾಡಲಿಲ್ಲ. ಇಳಿದು, ಹಿಟ್ಟಿನ ಚೀಲ ಎದೆಗವಚಿಕೊಂಡು ಓಡಿದರು. ಗೇಟು ಮುಟ್ಟಿದಾಗ ಎರಡು ಮೂವತ್ತನಾಲ್ಕು. ನಾಲ್ಕು ನಿಮಿಷ ತಡ. ಬರಹದ ಎಚ್ಚರಿಕೆ ಕೊಟ್ಟರು; ಇನ್ನೊಮ್ಮೆ ಹೀಗಾದರೆ ಮನೆಗೆ. ಅದಕ್ಕಿಂತ ನೋವಾದದ್ದು ಮುಂದಿನದು. ಹೊರಗಿನ ಹಿಟ್ಟು ಕಾಳು ಹಡಗಿನೊಳಗೆ ಬರುವಂತಿಲ್ಲ. ಕಾವಲಿನವರು ಚೀಲವನ್ನು ತೆಗೆದು ಕಸದ ಡಬ್ಬಿಗೆ ಹಾಕಿದರು.

"ಎಚ್ಚರ್ಕೆ ಕೊಟ್ಟಾಗ ಅಳ್ನಿಲ್ಲ ಸಾ. ರಾಗಿ ಹಿಟ್ಟ ಕಸುಕ್ಕೆ ಹಾಕುದ್ರಲ್ಲ, ಅದ ನೋಡಕಾಗ್ನಿಲ್ಲ."

ಆ ಸಂಜೆ ಕಣ್ಣು ಊದಿಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದವರನ್ನು ಅಡುಗೆಮನೆಯ ಮುಖ್ಯಸ್ಥ, ಫಿಲಿಪೀನ್ಸಿನ ರೇನಾಲ್ಡೊ, ಏನಾಯಿತೆಂದು ವಿಚಾರಿಸಿದರು. ರತ್ನ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಊಟಕ್ಕೆ ಸಾಲಿನಲ್ಲಿ ನಿಂತಿದ್ದ ಲಾಂಡ್ರಿಯ ಗ್ರೇಸ್ ಅದನ್ನು ಕೇಳಿಸಿಕೊಂಡಳು. ಗ್ರೇಸ್ ಕೀನ್ಯಾದ ಒಳನಾಡಿನ ರೈತರ ಮಗಳು. "ವಿಂಬಿನಾ? ನಮ್ಮಜ್ಜಿ ಬೆಳೆಯುತ್ತಿದ್ದದ್ದು ಅದನ್ನೇ!" ಎಂದು ತಟ್ಟೆ ಕೆಳಗಿಟ್ಟು ರತ್ನರನ್ನು ತಬ್ಬಿಕೊಂಡಳು. ರೇನಾಲ್ಡೊ ಇಬ್ಬರನ್ನೂ ನೋಡಿದರು. ಮಾರನೆಯ ದಿನ ಸರಬರಾಜು ವಿಭಾಗಕ್ಕೆ ಒಂದು ಚೀಟಿ ಬರೆದರು. ಹದಿನೈದು ದಿನಗಳ ನಂತರ ಹಡಗು ಮತ್ತೆ ಮೊಂಬಾಸಾ ಮುಟ್ಟಿದಾಗ ಆಲೂಗಡ್ಡೆ, ಕೋಸಿನ ಜೊತೆಗೆ ಮೊಹರು ಹಾಕಿದ ಐವತ್ತು ಕಿಲೋ ರಾಗಿ ಹಿಟ್ಟು ರಾಜಮರ್ಯಾದೆಯಿಂದ ಒಳಗೆ ಬಂತು.

ಹಿಟ್ಟೇನೋ ಬಂತು, ತಿರುವುವ ಕೋಲು? ಹಡಗಿನ ಅಡುಗೆಮನೆಯಲ್ಲಿ ಮರದ ಸಾಮಾನು ಇಡುವಂತಿಲ್ಲ. ಸ್ಟೀಲಿನ ಸಟ್ಟುಗದಲ್ಲಿ ತಿರುವಿದ ಮೊದಲ ಮುದ್ದೆ ಬರೀ ಗಂಟು. ರತ್ನ ಶಾಗ್ಯಕ್ಕೆ ಫೋನು ಮಾಡಿ ಅತ್ತೆ ಚನ್ನಮಲ್ಲಮ್ಮನವರನ್ನು ಕೇಳಿದರು.

"ಅತ್ತೆ, ಕೋಲಿಲ್ದೆ ಮುದ್ದೆ ಮಾಡದೆಂಗೆ?"

"ಕೋಲಿಲ್ವಾ? ಅಷ್ಟ್ ದೊಡ್ ಹಡಗ್ನಲ್ಲಿ ಒಂದ್ ಕೋಲಿಲ್ವಾ?"

"ಇಲ್ಲ ಕನತ್ತೆ."

"ಅಂಗಾರೆ ಎಸರು ಕುದಿಬೇಕಾರೆ ಹಿಟ್ಟ ಗೋಪುರ್ದಂಗೆ ಸುರುದ್ಬುಟ್ಟು ಕೈ ಕಟ್ಕಂಡು ನಿಂತ್ಕ. ಮುಟ್ಬ್ಯಾಡ. ಚೆನ್ನಾಗ್ ಬೇಯ್ಲಿ. ಆಮ್ಯಾಕೆ ಯಾವ್ದ್ರಲ್ ತಿರುವುದ್ರೂ ಸರಿಯಾಯ್ತದೆ."

ಸರಿಯಾಯಿತು. ಅಂದು ಸೊಪ್ಪಿನ ಸಾರಿನ ಜೊತೆ ಹನ್ನೆರಡು ಮುದ್ದೆ ಬಡಿಸಿದರು. ಇಂಡೊನೇಷ್ಯಾದ ಹುಡುಗನೊಬ್ಬ ಚಾಕೊಲೇಟೆಂದು ಕಚ್ಚಿ, ಹಲ್ಲಿಗೆ ಅಂಟಿಸಿಕೊಂಡು ಪೆಚ್ಚಾದ. "ಅಗೀಬ್ಯಾಡ ಕಣಪ್ಪ, ನುಂಗು, ನುಂಗು!" ಎಂದು ರತ್ನ ಕನ್ನಡದಲ್ಲೇ ಕೂಗಿದರು. ಗ್ರೇಸ್ ಮಾತ್ರ ಯಾರೂ ಹೇಳಿಕೊಡದೆ ಬೆರಳಲ್ಲಿ ಮುರಿದು, ಸೊಪ್ಪಿನಲ್ಲಿ ಅದ್ದಿ, ಎರಡು ಮುದ್ದೆ ಮುಗಿಸಿದಳು. ಈಗ ಪ್ರತಿ ಶುಕ್ರವಾರ ಮುದ್ದೆ. ಕಳೆದ ವಾರ ತಿಂದವರು ನೂರ ನಲವತ್ತು ಜನ. ಬೆಳಿಗ್ಗೆ ಗ್ರೇಸ್ ಹೇಳಿಕೊಟ್ಟ ಗಂಜಿಯೂ ಉಂಟು.

ಮೇ ತಿಂಗಳಿನಲ್ಲಿ ರತ್ನ ರಜೆಗೆ ಬಂದಾಗ ನಾನು ಶಾಗ್ಯಕ್ಕೆ ಹೋಗುತ್ತೇನೆ. ಜಗುಲಿಯ ಮೇಲೆ ಕಾಮಗೆರೆಯಿಂದ ಬಂದ ಇಬ್ಬರು ಯುವತಿಯರು ಕೂತಿದ್ದಾರೆ. ಹಡಗಿನ ಕೆಲಸಕ್ಕೆ ಏನೇನು ಓದಬೇಕು, ವಾಂತಿ ಬರುತ್ತದಾ, ಊರು ನೆನಪಾಗುತ್ತದಾ ಎಂದು ಕೇಳುತ್ತಿದ್ದಾರೆ. "ಎಲ್ಲಾನೂ ಆಯ್ತದೆ. ಆಮೇಲೆ ಸರೋಗ್ತದೆ," ಎಂದು ರತ್ನ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಒಳಗೆ ಪ್ರಭುಸ್ವಾಮಿ ಒಗ್ಗರಣೆ ಹಾಕುತ್ತಿದ್ದಾರೆ. ಹನ್ನೆರಡರ ರಮ್ಯ ನನ್ನ ಪುಸ್ತಕದೊಳಗೆ ಇಣುಕಿ, ಸೇಷೆಲ್ಸ್ ಎಂದು ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸುತ್ತಾಳೆ.

ಎಚ್ಚರಿಕೆಯ ಪತ್ರ ಏನಾಯಿತೆಂದು ಕೇಳುತ್ತೇನೆ. ಅದು ಕಡತದಲ್ಲಿ ಹಾಗೆಯೇ ಇದೆಯಂತೆ. ಅದರ ಜೊತೆಗೆ ಬಡ್ತಿಯ ಪತ್ರವೂ ಸೇರಿದೆ. ಮುಂದಿನ ಬಾರಿ ರತ್ನ ಹತ್ತು ಅಡುಗೆಯವರ ಮೇಲ್ವಿಚಾರಕಿ. ಆ ಸುದ್ದಿಯನ್ನು ಅವರಲ್ಲ, ಅತ್ತೆ ಚನ್ನಮಲ್ಲಮ್ಮ ಬಾಗಿಲಲ್ಲಿ ನಿಂತು ಹೇಳುತ್ತಾರೆ. "ಅವ್ಳು ಯೋಳದಿಲ್ಲ ಬುಡಿ. ಬರ್ಕಳಿ."

ಇನ್ನೇನು ಆಸೆಯಿದೆ ಎಂದಾಗ ರತ್ನ ನಾಚಿಕೊಂಡು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಜಪಾನ್ ಕಡೀಕ್ ಓಗೋ ಹಡಗು ಸಿಕ್ರೆ ಚೆನ್ನಾಗಿತ್ತು ಸಾ. ಅಲ್ಲಿ ಹೆಂಗಸ್ರು ಬೆಳಗಾನೆದ್ದು ಸಂತೆಗೆ ಏನೇನ್ ತಂದು ಗುಡ್ಡೆ ಹಾಕ್ತರೋ, ಒಂದ್ಸಲ ನೋಡ್ಬೇಕು."