ಹೌದ್ರಿ ಅಂದವರು ನಲವತ್ತಮೂರು ಮಂದಿ

ಸುವರ್ಣಾ ಮೊದಲ ಸಲ ರಾಜೂರಿಗೆ ಬಂದದ್ದು ಬಸವ ಜಯಂತಿ ಕಳೆದ ಮೂರನೆಯ ದಿನ, ಹನ್ನೆರಡರ ಬಸ್ಸಿಗೆ. ಬಾಳವ್ವ ಪಡಸಾಲೆಯಲ್ಲಿ ಹಳೆಯ ಬಟ್ಟೆ ಕೂಡಿಸಿದ ಹೊದೆಯುವ ಕೌದಿ ಹಾಸಿಕೊಂಡು ಅಂಚಿನ ಹೊಲಿಗೆ ಹಾಕುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾದ, ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ತಾನು ರೋಣದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಈ ಭಾಗದ ಕೌದಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದಳು. ಬಾಳವ್ವ ನೀರು ಬೆಲ್ಲ ಕೊಟ್ಟು, ಚಹಾಕ್ಕೆ ಇಟ್ಟಳು.

ಕೌದಿಯ ಒಂದು ತುದಿಯ ನಡುವೆ ಅಂಗೈಯಗಲದ ಕೆಂಪು ತುಂಡೊಂದು ಇತ್ತು. ಸುವರ್ಣಾ ಅದರ ಮೇಲೆ ಬೆರಳಿಟ್ಟು ಕೇಳಿದಳು.

"ಆಯಿ, ಇದನ್ನ ದೇವಿ ಹೆಸರಿಲೆ ಹಚ್ಚತೀರಿ, ಹೌದಲ್ಲಾ?"

"ಹೌದ್ರಿ," ಎಂದಳು ಬಾಳವ್ವ.

ಬಿಸಿಲಲ್ಲಿ ಬಂದು, ಕೂತು, ನೀರು ಕುಡಿದವರಿಗೆ ಅಲ್ಲ ಅನ್ನುವುದು ಆ ಮನೆಯಲ್ಲಿ ಇರಲಿಲ್ಲ. ಆ ಓಣಿಯಲ್ಲೇ ಇರಲಿಲ್ಲ. ಸುವರ್ಣಾ ಖುಷಿಯಿಂದ ಬರೆದುಕೊಂಡಳು. ಅವಳು ಹೋದ ಮೇಲೆ ಬಾಳವ್ವ ನೋಡಿದರೆ, ಮಾತಿನ ನಡುವೆ ಹಾಕಿದ ನಾಲ್ಕು ಹೊಲಿಗೆ ಉದ್ದವಾಗಿದ್ದವು. ಬಿಚ್ಚಿ ಮತ್ತೆ ಹಾಕಿದಳು.

ಆಮೇಲೆ ಸುವರ್ಣಾ ತಿಂಗಳಿಗೊಮ್ಮೆಯಾದರೂ ಬರತೊಡಗಿದಳು. ಅವಳ ಬದುಕು ಬಾಳವ್ವನಿಗೆ ತುಂಡು ತುಂಡಾಗಿಯೇ ತಿಳಿಯಿತು. ತಂದೆ ಸಿದ್ದಾರೂಢಪ್ಪನದು ರೋಣದ ಪ್ಯಾಟಿಯಲ್ಲಿ ಕಡಲೆ, ಜೋಳದ ಸಣ್ಣ ವ್ಯಾಪಾರ. ರೈತ ಚೀಲ ಇಳಿಸುವ ಮೊದಲೇ "ಈ ಸಲ ಕಡ್ಲಿ ಹಸೀ ಐತಿ, ಹೌದಲ್ಲೋ?" ಎಂದು ಶುರುಮಾಡುವ ಮನುಷ್ಯ. ಸುವರ್ಣಾ ಸಾಲೆಯಿಂದ ಬಂದು ಅದೇ ಅಂಗಡಿಯಲ್ಲಿ ಚೀಲದ ಮೇಲೆ ಕೂತು ಅಭ್ಯಾಸ ಮಾಡಿದವಳು. ಬಂದ ಎರಡು ಸಂಬಂಧಗಳನ್ನು "ಓದು ಮುಗೀಲಿ" ಎಂದು ಹಿಂದೆ ಕಳಿಸಿದ್ದಳು. ಮೂರನೆಯದು ಬರಲೇ ಇಲ್ಲ. ಅದನ್ನು ಹೇಳಿ ತಾನೇ ನಗುತ್ತಿದ್ದಳು. ಕಾಲೇಜಿನಲ್ಲಿ ಹನ್ನೊಂದು ವರ್ಷ ಪಾಠ ಮಾಡಿದರೂ ಕೆಲಸ ಕಾಯಂ ಆಗಿರಲಿಲ್ಲ. ಈಗ, ಬರುವ ವರ್ಷದಿಂದ ಪಿಎಚ್.ಡಿ. ಆದವರಿಗೇ ಮೊದಲ ಅವಕಾಶ ಎಂಬ ಮಾತು ಕಾಲೇಜಿನಲ್ಲಿ ಎದ್ದಿತ್ತು.

ಎರಡನೆಯ ವರ್ಷ ಒಂದು ರವಿವಾರ ಅವಳು ಬಂದಾಗ ಚಪ್ಪಲಿಯನ್ನು ಬಿಟ್ಟ ರೀತಿಗೇ ಬಾಳವ್ವನಿಗೆ ಸಿಟ್ಟು ಗೊತ್ತಾಯಿತು.

"ನೋಡ್ರಿ ಆಯಿ, ಕೆಂಪು ತುಂಡಿಂದು ನಲವತ್ತಮೂರು ಮಂದೀನ ಕೇಳೀನಿ. ರಾಜೂರು, ಇಟಗಿ, ರೋಣ, ಗಜೇಂದ್ರಗಡ. ಒಬ್ಬರ ಸುದ್ದಾ ಅಲ್ಲ ಅಂದಿಲ್ಲ. ನಮ್ಮ ಅನಿಲಕುಮಾರ ಸರ್ ಏನ್ ಬರದಾರ ಗೊತ್ತೈತೇನ್ರಿ?"

ಅನಿಲಕುಮಾರ ಸರ್ ಎಂದರೆ ಅವಳ ಮಾರ್ಗದರ್ಶಕರು. ಅವರು ಅವಳ ಪ್ರಬಂಧದ ಅಧ್ಯಾಯವೊಂದರ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದನ್ನು ಅವಳೇ ಓದಿದಳು: "ಎಲ್ಲರೂ ಒಂದೇ ಮಾತು ಹೇಳಿದ್ದಾರೆ. ಅದಕ್ಕೇ ಅನುಮಾನ. ಪ್ರಶ್ನೆಯನ್ನು ಹೇಗೆ ಕೇಳಿದಿರಿ?"

"ಒಬ್ಬರು ಹೇಳಿದ್ರ ಸಾಲೂದಿಲ್ಲ ಅಂತಾರ, ಎಲ್ಲಾರೂ ಹೇಳಿದ್ರ ಅನುಮಾನ ಅಂತಾರ! ಒಪ್ಪಿಸಾಕ ಇನ್ನ ಮೂರ ವಾರ ಉಳದಾವ."

ಬಾಳವ್ವ ಕೈಚಾಚಿ ಕಾಗದ ಇಸಿದುಕೊಂಡಳು. ಅವಳು ಸಾಲೆ ಕಂಡದ್ದು ಒಂದೂವರೆ ವರ್ಷ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದಳು. ಚಹಾ ಆರಿ ಕೆನೆ ಕಟ್ಟಿತು. ಬೆರಳು ಒಂದು ಸಾಲಿಗೆ ಬಂದು ನಿಂತಿತು: "ರಾಜೂರಿನ ಬಾಳವ್ವ ಹೇಳುವಂತೆ, ಕೆಂಪು ತುಂಡು ದೇವಿಯ ಸಾನ್ನಿಧ್ಯದ ಸಂಕೇತ."

"ಇದನ್ನ ನಾ ಹೇಳಿಲ್ಲವಾ."

"ಹೇಳೀರಿ ಆಯಿ. ಮೊದಲನೇ ದಿನಾನ."

"ನೀ ಹೇಳಿದಿ. ನಾ ಹೌದ್ರಿ ಅಂದೆ."

ಮೊದಲ ದಿನದಿಂದ ಎದೆಯಲ್ಲಿ ಚುಚ್ಚುತ್ತಿದ್ದ ಮಾತು ಹೊರಗೆ ಬಿದ್ದದ್ದೇ ಬಾಳವ್ವ ಉಳಿದದ್ದನ್ನೂ ಹೇಳಿಬಿಟ್ಟಳು. ಅವಳ ಗಂಡ ಅಜ್ಜಪ್ಪ ಹೊಲದಿಂದ ಬಂದವನು ಕಾಲು ತೊಳೆಯದೆ ಮಲಗುವ ಮನುಷ್ಯ. ಮರುದಿನ ಕೌದಿ ತಿರುವುಮುರುವಾಗಿ, ಅವನ ಕಾಲ ಕಡೆ ಇವಳ ಮುಖಕ್ಕೆ ಬರುತ್ತಿತ್ತು. ಬೈದು ಬೈದು ಸಾಕಾಗಿ, ಓಣಿಯ ಜಬೀನಳ ಹೊಲಿಗೆ ಅಂಗಡಿಯಲ್ಲಿ ಉಳಿದ ಕೆಂಪು ಅರಿವೆ ತಂದು ತಲೆ ಕಡೆಗೆ ಗುರುತು ಹಚ್ಚಿದ್ದಳು. ಅಷ್ಟೇ.

ಸುವರ್ಣಾ ತಟ್ಟನೆ ಪೆನ್ನು ಹಿಡಿದಳು. "ಹಂಗಾದ್ರ ಕೆಂಪು ತುಂಡು ತಲಿ ಕಡೀದ ಗುರ್ತು! ಎಲ್ಲಾ ತಿದ್ದಿಬಿಡತೀನಿ."

"ಯವ್ವಾ, ತಡಿ. ಅದು ನನ್ನ ಕೌದಿದು. ಊರಾಗ ಎಲ್ಲಾರ ಗಂಡಂದ್ರೂ ಅಜ್ಜಪ್ಪನೇನು?"

ಸುವರ್ಣಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಾಳವ್ವ ಅವಳ ಕಣ್ಣೊರೆಸಲು ಹೋಗಲಿಲ್ಲ. ಆರಿದ ಚಹಾ ಒಳಗೆ ಒಯ್ದು ಬೇರೆ ಮಾಡಿ ತಂದಳು.

"ನಿಮ್ಮಪ್ಪ ಹೌದಲ್ಲೋ ಅಂತಿದ್ದ, ಖರೇ. ಆದ್ರ ಹಂಗ ಅಂದ ಮ್ಯಾಲ ಚೀಲದ ತಳಕ್ಕ ಕೈ ಹಾಕಿ ಕಾಳು ತಗದು ನೋಡತಿದ್ದಿಲ್ಲೇನು? ನೀ ಆತನ ಬಾಯಷ್ಟ ಕಲತಿ, ಕೈ ಕಲೀಲಿಲ್ಲ. ನಡಿ, ನಾನೂ ಬರತೀನಿ."

ಹಾಗೆ ಇಬ್ಬರೂ ಮತ್ತೆ ಮನೆಮನೆ ತಿರುಗಿದರು. ಕ್ರಮವನ್ನು ಬಾಳವ್ವನೇ ಹಾಕಿದಳು. ಮೊದಲು ಮನೆಯ ಕೌದಿ ಎಲ್ಲ ಹೊರಗೆ ತರಿಸಬೇಕು, ಕೆಂಪು ತುಂಡು ಇದ್ದದ್ದೂ ಇಲ್ಲದ್ದೂ. ಆಮೇಲೆ "ಇದು ಇಲ್ಲಿ ಯಾಕ ಐತಿ?" ಎಂದು ಒಂದೇ ಮಾತು ಕೇಳಿ ಬಾಯಿ ಮುಚ್ಚಬೇಕು. ಹೊಲಿಗೆಯನ್ನು ಯಾರು ಕಲಿಸಿದರು ಎಂದೂ ಕೇಳಬೇಕು. ಒಬ್ಬಳ ಕೈಯಲ್ಲಿ ಕಲಿತ ಆರು ಮಂದಿ ಒಂದೇ ಮಾತು ಹೇಳಿದರೆ ಅದು ಆರು ಮಾತಲ್ಲ.

ಬಾಯಿ ಮುಚ್ಚುವುದೇ ಸುವರ್ಣಾಳಿಗೆ ಕಷ್ಟವಾಯಿತು. ಬಾಳವ್ವನ ನೆರೆಯ ಚನ್ನವ್ವನ ಮನೆಯಲ್ಲಿ "ಇದು ದೇವಿ..." ಎಂದು ತುಟಿಗೆ ಬಂದದ್ದೇ ಬಾಳವ್ವ ಅವಳ ತೊಡೆ ಚಿವುಟಿದಳು. ಚನ್ನವ್ವ ಅದನ್ನು ನೋಡಿಬಿಟ್ಟಳು.

"ದೇವಿನೂ ಇಲ್ಲ, ದೇವರೂ ಇಲ್ರಿ ಮೇಡಮ್ಮಾರ. ತಲಿ ಕಡೀದ ಗುರ್ತು ಅದು."

"ಮತ್ತ ಹ್ವಾದ ವರ್ಷ ಹೌದು ಅಂದ್ರಲ್ರಿ?"

"ಒಲಿ ಮ್ಯಾಲ ಜುಣಕದ ಪಲ್ಯ ತಳಾ ಹತ್ತಾಕತ್ತಿತ್ತರಿ. ಅಲ್ಲ ಅಂದಿದ್ರ ಇನ್ನ ಒಂದ ತಾಸು ಕೇಳತಿದ್ರಿ. ಹೌದು ಅಂದೆ, ಲಗೂ ಎದ್ರಿ!"

ಹನ್ನೆರಡು ದಿನದಲ್ಲಿ ಮೂವತ್ತೆಂಟು ಮಂದಿ ಸಿಕ್ಕರು. ತಲೆ ಕಡೆಯ ಗುರುತು ಎಂದವರು ಇಪ್ಪತ್ತಾರು. ಅವ್ವ ಹಚ್ಚುತ್ತಿದ್ದಳು, ನಾನೂ ಹಚ್ಚುತ್ತೇನೆ, ಯಾಕೋ ತಿಳಿಯದು ಎಂದವರು ಏಳು. ಆ ಜಾಗಕ್ಕೆ ಬೇರೆ ಅರಿವೆ ಸಾಲಲಿಲ್ಲ ಎಂದವರು ಇಬ್ಬರು. ಇಟಗಿಯ ಮೂವರು ಮಾತ್ರ, ನಮ್ಮೂರ ಗುಡಿಯ ಭೀಮಾಂಬಿಕಾ ತಾಯಿಯ ಹೆಸರಿನಲ್ಲೇ ಹಚ್ಚುತ್ತೇವೆ ಎಂದು ಕೈಮುಗಿದು ಹೇಳಿದರು. ಕೆಲವು ಕೌದಿಗಳಲ್ಲಿ ಗುರುತು ಹಸಿರಿತ್ತು. ಗಜೇಂದ್ರಗಡದ ಒಂದರಲ್ಲಿ ಸೀರೆಯ ಸೆರಗಿನ ತುಂಡಿತ್ತು.

"ಈ ಮೂವರದು ಬಿಟ್ಟರ ವಾದ ಗಟ್ಟಿ ಆಗತೈತಿ," ಎಂದಳು ಸುವರ್ಣಾ, ಬಸ್ಸಿನಲ್ಲಿ.

"ಹ್ವಾದ ಸಲನೂ ಗಟ್ಟಿನ ಇತ್ತಲ್ಲ."

ರೋಣ ಬರುವ ಹೊತ್ತಿಗೆ ಸುವರ್ಣಾ ಹೇಳಿದಳು: "ಮೂವರನ್ನೂ ಬರೀತೀನಿ. ಸಿಗದ ಐದು ಮಂದೀನೂ ಬರೀತೀನಿ. ನಾ ಮೊದಲ ತಪ್ಪ ಕೇಳಿದ್ದೂ ಬರೀತೀನಿ."

ಬರೆದು ಒಪ್ಪಿಸಿದಳು. ಏಳು ತಿಂಗಳ ಮೇಲೆ ಮೌಖಿಕ ಪರೀಕ್ಷೆ ಇತ್ತು. ಅಂದು ಬಾಳವ್ವ ಬೆಳಿಗ್ಗೆಯಿಂದ ಸೂಜಿಗೆ ದಾರ ಪೋಣಿಸಿರಲಿಲ್ಲ. ಮೂರೂವರೆಗೆ ಚನ್ನವ್ವನ ಫೋನಿಗೆ ಕರೆ ಬಂತು.

"ಆಯಿ, ಆತು! ಹೊರಗಿಂದ ಬಂದ ಪರೀಕ್ಷಕರು ಮೊದಲನೇದಕ್ಕ ಅದನ್ನ ಕೇಳಿದ್ರು, ಹೆಣ್ಮಕ್ಕಳು ನಿಮಗ ಬೇಕಾದ ಮಾತ ಹೇಳಿಲ್ಲ ಅಂತ ಹ್ಯಾಂಗ ನಂಬೋದು ಅಂತ. ನನಗ ಬೇಕಾದ್ದನ್ನ ಹೇಳಿದ್ರು ಸರ್, ಮೊದಲನೇ ಸಲ ನಲವತ್ತಮೂರೂ ಮಂದಿ ಹೇಳಿದ್ರು ಅಂದೆ. ಆ ಪುಟ ತಗಸಿ ಓದಿದ್ರು, ಆಯಿ. ಪೂರ್ತಿ ಓದಿದ್ರು. ಎಲ್ಲಾರೂ ಇದನ್ನ ಮುಚ್ಚಿಡತಾರ ಅಂದ್ರು."

ಬಾಳವ್ವ ಫೋನು ಕೊಟ್ಟು ಕಂಬಕ್ಕೆ ಒರಗಿ ಕೂತಳು. ಹುಡುಗಿಯ ಓದು ಮುಗಿಯಿತು. ತಾನಾಡದ ಮಾತು ತನ್ನ ಹೆಸರಿನಲ್ಲಿ ಪುಸ್ತಕದಲ್ಲಿ ಉಳಿಯಲಿಲ್ಲ. ಅಂದು ಅವಳು ಎರಡು ರೊಟ್ಟಿ ಹೆಚ್ಚು ಉಂಡಳು.

ಜೂನಿನಲ್ಲಿ ಸುವರ್ಣಾಳಿಗೆ ನರಗುಂದದ ಕಾಲೇಜಿನಲ್ಲಿ ಕೆಲಸವಾಯಿತು. ಸೋಮವಾರ ಸೇರಬೇಕು ಎನ್ನುವಾಗ ಶುಕ್ರವಾರ ಒಂದು ಗಂಟು ಹೊತ್ತು ಬಂದಳು. ನರಗುಂದದ ಕೋಣೆಗೆ ಒಂದು ಕೌದಿ ಬೇಕಾಗಿತ್ತು. ಗಂಟು ಬಿಚ್ಚಿ ಪಡಸಾಲೆಯ ತುಂಬ ಹರವಿದಳು: ಅವ್ವನ ಎರಡು ಇಲಕಲ್ ಸೀರೆ, ಅಪ್ಪನ ಕಡಲೆ ಧೂಳು ಹಿಡಿದ ಧೋತರ, ಇಷ್ಟು ವರ್ಷ ಉಟ್ಟ ತನ್ನ ಕಾಲೇಜಿನ ಸೀರೆಗಳು. ಅವುಗಳಲ್ಲಿ ಒಂದು ಕೆಂಪು. ಅವಳ ಕೈ ಕೆಂಪಿನ ಮೇಲೆ ಹೋಯಿತು. ಬಾಯಿ ತೆರೆಯಿತು. ಬರುತ್ತಿದ್ದ ಮಾತನ್ನು ನುಂಗಿ, ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಆಯಿ, ತಲಿ ಕಡೆಗೆ ಯಾವ ಅರಿವಿ ಹಚ್ಚೂಣು?" ಎಂದು ಕೇಳಿ, ಸುಮ್ಮನೆ ಕಾದಳು.