ಮನೆಯ ರಾಗಿ ಕೊನೆಗೆ

‘ನಾನು ತಿಂದಿಲ್ಲ ಕಣಣ್ಣ’ ಅಂದಳು ನನ್ನ ತಂಗಿ. ನಾನು ನಂಬಲಿಲ್ಲ.

ನಂಬಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೂ ನಂಬಲಿಲ್ಲ. ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಅವಳ ಬ್ಯಾಗು ತಡಕಾಡಿದೆ, ಬಿಸ್ಕತ್ತಿನ ಚೂರು ಸಿಗುತ್ತದೇನೋ ಅಂತ. ಸಿಕ್ಕಿದ್ದು ಅಳತೆ ಟೇಪು, ಚಾಕ್‌ಪೀಸು, ದಾರದ ಉಂಡೆ, ಒಂದಿಷ್ಟು ಪೆಪ್ಪರ್‌ಮಿಂಟು. (ಪೆಪ್ಪರ್‌ಮಿಂಟು ಅವಳಿಗೆ ಔಷಧವಿದ್ದ ಹಾಗೆ. ಶುಗರ್ ಇಳಿದು ಕಣ್ಣು ಕತ್ತಲಾದಾಗ ಬಾಯಿಗೆ ಹಾಕಿಕೊಳ್ಳುತ್ತಾಳೆ.) ಅಷ್ಟಕ್ಕೇ ನಿಂತೆನಾ? ಇಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಯವನಿಗೆ ಹೇಳಿ ಬಂದೆ: ‘ನಮ್ಮ ಗಂಗು ಬಂದು ಏನಾದ್ರೂ ತಗಂಡ್ರೆ ನಂಗೊಂದು ಫೋನ್ ಹಾಕಪ್ಪ.’

ಒಡಹುಟ್ಟಿದವಳ ಹಿಂದೆ ಪತ್ತೇದಾರಿ.

ನೀವು ನನ್ನನ್ನು ಬಲ್ಲಿರಿ. ಹಿರಿಯೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ವಾರವಾರ ಈ ಅಂಕಣದಲ್ಲಿ ಕೂತು ಊರಿನವರ ತಪ್ಪು ಎತ್ತಿ ಆಡುವವನು. ಈ ವಾರ ಬೇರೆಯವರ ತಪ್ಪು ಹುಡುಕುವ ಮುಖ ನನಗಿಲ್ಲ.

ಗಂಗುಗೆ ಹೈಸ್ಕೂಲಿನಲ್ಲಿ ಇದ್ದಾಗಲೇ ಸಕ್ಕರೆ ಕಾಯಿಲೆ ಬಂತು. ಕಡ್ಡಿಯಂಥ ಹುಡುಗಿ, ಸಿಹಿ ಅಂದರೆ ಮುಖ ತಿರುಗಿಸುವವಳು. ಅಂಥವಳಿಗೆ ಶುಗರ್ ಹೇಗೆ ಬರುತ್ತದೆ? ನಾನು ಆಗಲೇ ಡಾಕ್ಟರನ್ನು ಅನುಮಾನಿಸಿದ್ದೆ. ಇನ್ಸುಲಿನ್ ಕಂಪನಿಯವರ ಕೈವಾಡ ಅಂದಿದ್ದೆ. ಪುಣ್ಯಕ್ಕೆ ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಇಂಜೆಕ್ಷನ್ ಚುಚ್ಚಿಕೊಳ್ಳುತ್ತಲೇ ಅವಳು ಹೊಲಿಗೆ ಕಲಿತಳು. ತಾಲ್ಲೂಕು ಆಫೀಸ್ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಳು. ಮದುವೆ ಬೇಡ ಅಂದಳು, ನಮ್ಮ ಮನೆಯಲ್ಲೇ ಇದ್ದಾಳೆ.

ಎರಡು ವರ್ಷದ ಹಿಂದೆ ಹೊಟ್ಟೆ ಕೆಟ್ಟಿತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೂದಲು ಉದುರಿತು, ಮುಖ ಬಿಳಿಚಿತು. ಇನ್ಸುಲಿನ್ ಅದೇ, ಊಟ ಅದೇ. ಆದರೂ ಶುಗರ್ ಇದ್ದಕ್ಕಿದ್ದಂತೆ ಪಾತಾಳಕ್ಕೆ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಹೊಲಿಗೆ ಮಿಷನ್ ಮೇಲೇ ತಲೆ ಇಟ್ಟು ಪ್ರಜ್ಞೆ ತಪ್ಪಿದಳು. ಬ್ಲೌಸ್ ತೆಗೆದುಕೊಳ್ಳಲು ಬಂದಿದ್ದ ಹೆಣ್ಣುಮಗಳೊಬ್ಬಳು ನೋಡಿದ್ದಕ್ಕೆ ಉಳಿದಳು. ಯಾರೂ ಬಾರದೆ ಇದ್ದಿದ್ದರೆ?

ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಲೇಡಿ ಡಾಕ್ಟರು ನಿಧಾನಸ್ಥೆ. ನನ್ನಂಥವನಿಗೂ ತಿಳಿಯುವಂತೆ ಹೇಳಿದರು.

‘ಮೈ ಕಾಯೋಕೆ ಅಂತ ರಕ್ತದಲ್ಲಿ ಒಂದು ಪಡೆ ಇರುತ್ತೆ. ನಿಮ್ಮ ತಂಗಿ ಮೈಯಲ್ಲಿ ಆ ಪಡೆ ತನ್ನವರನ್ನೇ ಕಳ್ಳರು ಅಂತ ಹಿಡಿದು ಹೊಡೀತಿದೆ. ಚಿಕ್ಕವಳಿದ್ದಾಗ ಇನ್ಸುಲಿನ್ ಮಾಡೋ ಜಾಗಕ್ಕೆ ಹೊಡೀತು. ಇಂಥವರಲ್ಲಿ ಕೆಲವರಿಗೆ ಹೊಟ್ಟೆಗೆ ಗೋಧಿ ಹೋದರೆ ಕರುಳಿಗೂ ಹೊಡೆಯುತ್ತೆ. ರಕ್ತ ನೋಡಿದರೆ ಗೊತ್ತಾಗುತ್ತೆ.’

ರಕ್ತ ನೋಡಿದರು. ಹಾಗೆ ಹೊಡೆಯುವಾಗ ರಕ್ತದಲ್ಲಿ ಒಂದು ಗುರುತು ಉಳಿಯುತ್ತದಂತೆ, ಅದು ಗಂಗುವಿನಲ್ಲಿ ವಿಪರೀತ ಏರಿತ್ತು. ಗಂಟಲಿನಿಂದ ಕೊಳವೆ ಇಳಿಸಿ ಕರುಳನ್ನೂ ನೋಡಿದರು. ಅನುಮಾನವೇ ಉಳಿಯಲಿಲ್ಲ. (ಅವರಿಗೆ. ನನಗೆ ಇತ್ತು.)

‘ಚಪಾತಿ, ಬ್ರೆಡ್ಡು, ರವೆ, ಮೈದಾ, ಯಾವುದೂ ಬೇಡ. ಒಂದು ಚಿಟಿಕೆ ಕೂಡ. ಅಕ್ಕಿ, ರಾಗಿ, ಜೋಳ ತಿನ್ನಲಿ. ಮತ್ತೆ ಇದರ ಜೀನು ಮನೆತನದಲ್ಲಿ ಬರುತ್ತೆ. ನೀವೂ ಒಂದ್ಸಲ ರಕ್ತ ಕೊಡಿ.’

ನಾನು ಕೊಡಲಿಲ್ಲ. ಕಾಯಿಲೆ ಅವಳಿಗೆ, ರಕ್ತ ನನ್ನದು ಯಾಕೆ? ಲ್ಯಾಬಿನವನಿಗೂ ಡಾಕ್ಟರಿಗೂ ಏನೋ ಒಳಒಪ್ಪಂದ ಇರಬೇಕು ಅಂದುಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಆದರೆ ಮನೆಯಲ್ಲಿ ಪಥ್ಯ ಶುರುವಾಯಿತು. ಶುಗರ್‌ನವರು ಅನ್ನ ಬಿಟ್ಟು ಚಪಾತಿ ತಿನ್ನಬೇಕು ಅನ್ನುವುದು ನಮ್ಮ ಕಡೆ ಮನೆಮನೆಯ ಕಾನೂನು. ವರ್ಷಗಟ್ಟಲೆ ಅವಳಿಗೆ ಒಳ್ಳೇ ಗೋಧಿ ಆರಿಸಿ, ಬೀಸಿ, ಚಪಾತಿ ತಿನ್ನಿಸಿದವನೇ ನಾನು. ಅದನ್ನು ಬಿಡಿಸಿ ಮುದ್ದೆಗೆ ತಂದೆವು. ಇಂಗಿನ ಪುಡಿಗೂ ಗೋಧಿ ಹಿಟ್ಟು ಬೆರೆಸುತ್ತಾರೆ ಅಂತ ತಿಳಿದು ನನ್ನ ಹೆಂಡತಿ ಇಂಗಿನ ಡಬ್ಬಿಯನ್ನೇ ಆಚೆ ಎಸೆದಳು.

ಗಂಗು ಸ್ವಲ್ಪ ಸುಧಾರಿಸಿದಳು. ಸ್ವಲ್ಪವೇ. ಆರು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರೆ ಆ ಗುರುತು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಹೀಗೇ ಬಿಟ್ಟರೆ ಮೂಳೆ ಟೊಳ್ಳಾಗುತ್ತದೆ, ಶುಗರ್ ಮತ್ತೆ ಕುಸಿಯುತ್ತದೆ ಅಂದರು ಡಾಕ್ಟರು. ‘ಎಲ್ಲಿಂದಲೋ ಗೋಧಿ ಹೋಗ್ತಾ ಇದೆ. ಯೋಚನೆ ಮಾಡಿ.’

ನಾನು ಯೋಚನೆ ಮಾಡಲೇ ಇಲ್ಲ. ಬಾಯಿಗೆ ಬಂದದ್ದು ಆಡಿದೆ. ‘ಕದ್ದು ತಿಂತಾಳೆ ಬಿಡ್ರಿ ಮೇಡಂ. ಇನ್ನೇನು?’

ಆಗ ಅವಳು ಅಂದದ್ದೇ ಆ ಮಾತು. ‘ನಾನು ತಿಂದಿಲ್ಲ ಕಣಣ್ಣ.’

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಖಾಲಿ ಇತ್ತು. ಅವಳು ಮುಂದೆ ಹೋಗಿ ಹೆಂಗಸರ ಮಧ್ಯೆ ನಿಂತಳು. ಐಮಂಗಲ ದಾಟಿದರೂ ಕೂರಲಿಲ್ಲ. ಮಾರನೇ ದಿನ ನಾನು ಬ್ಯಾಗು ತಡಕಿದೆ, ಬೇಕರಿಗೆ ಹೋದೆ. ಬೇಕರಿಯವನು ನನಗೆ ಫೋನ್ ಮಾಡಲಿಲ್ಲ. ಅವಳಿಗೇ ಹೇಳಿಬಿಟ್ಟ. ಅವತ್ತಿನಿಂದ ಅವಳು ಬ್ಯಾಗನ್ನು ಜಿಪ್ ತೆಗೆದು, ನಡುಮನೆಯಲ್ಲಿ ನನ್ನ ಕಣ್ಣಿಗೆ ಬೀಳುವಂತೆ ಇಡತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಗಿರಣಿಯ ವಿಷಯಕ್ಕೆ ಬರುತ್ತೇನೆ.

ಗಿರಣಿಯವನನ್ನು ನಂಬುವ ಹೆಂಗಸು ಹಿರಿಯೂರಿನಲ್ಲಿ ಇಲ್ಲ. ಹೊಸದುರ್ಗ, ಹೊಳಲ್ಕೆರೆಯಲ್ಲೂ ಇರಲಾರಳು. ಹಾಕಿದ ಕಾಳೆಲ್ಲ ಹಿಟ್ಟಾಗಿ ವಾಪಸ್ ಬರುವುದಿಲ್ಲ, ಒಂದು ಹಿಡಿ ಮಿಷನ್ ಒಳಗೆ ಕಲ್ಲಿನ ಸುತ್ತ ಉಳಿಯುತ್ತದೆ. ಮುಂದಿನವರ ಕಾಳು ಬಿದ್ದಾಗ ಅದು ಇಳಿಯುತ್ತದೆ. ರಾಗಿ ಬೀಸಿದ ಮೇಲೆ ಗೋಧಿ ಹಾಕಿದರೆ ಹಿಟ್ಟು ಕಪ್ಪಾಗಿ ಜಗಳವಾಗುತ್ತದೆ. ಗೋಧಿ ಬೀಸಿದ ಮೇಲೆ ರಾಗಿ ಹಾಕಿದರೆ? ಕಾಣುವುದೇ ಇಲ್ಲ. ಆದ್ದರಿಂದ ನನ್ನಲ್ಲಿ ಗೋಧಿ ಮೊದಲು, ರಾಗಿ ಆಮೇಲೆ. ಎಲ್ಲರದ್ದೂ ಮುಗಿದು ಶಟರ್ ಎಳೆಯುವ ಮುಂಚೆ ಮನೆಯ ರಾಗಿ. ಇದು ನಮ್ಮಪ್ಪ ಕಲಿಸಿದ ಪಾಠ. ದಿನವಿಡೀ ಕಲ್ಲಿನಲ್ಲಿ ಉಳಿದದ್ದು ಪೋಲಾಗದೆ ಮನೆಗೆ ಬರಲಿ ಅಂತ.

ಒಂದು ದಿನ ಹಾಜಿರಾಬಿ ಗೋಧಿ ತಂದಿದ್ದರು. ನಮ್ಮ ಹಳೇ ಗಿರಾಕಿ, ಹಳೇ ಜಗಳಗಂಟಿ. ಹಿಟ್ಟನ್ನು ಮತ್ತೆ ತೂಕಕ್ಕಿಟ್ಟು ಮುಳ್ಳು ನೋಡಿದರು.

‘ಕಮ್ಮಿ ಐತಲ್ಲಣ್ಣಾ?’

‘ಗಾಳಿಗೆ ಹಾರುತ್ತೆ ಕಣಮ್ಮ.’

‘ಹಾರಿ ಎಲ್ಲಿಗೆ ಹೋಗುತ್ತೆ? ನಿಮ್ಮನೆಗೇ ಅಲ್ವ?’ ಸಾಲಿನಲ್ಲಿ ನಿಂತ ಹೆಂಗಸರ ಕಡೆ ತಿರುಗಿದರು. ‘ಇವರ ಮನೆ ಮುದ್ದೆ ನೋಡ್ರೇ ಒಂದಿನ. ಬೆಣ್ಣೆ ಇದ್ದಂಗೆ ಇರುತ್ತೆ. ಯಾಕೆ ಅಂತೀರಾ? ಅರ್ಧ ನಮ್ಮ ಗೋಧಿ ಐತೆ ಅದ್ರಾಗೆ!’

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತಲೇ ಮಿಷನ್ ಕಡೆ ತಿರುಗಿ ನೋಡಿದೆ.

ಒಂದು ಚಿಟಿಕೆ ಕೂಡ ಬೇಡ ಅಂದಿದ್ದರು ಡಾಕ್ಟರು. ನಾನು ದಿನವೆಲ್ಲ ಊರಿನ ಗೋಧಿ ಬೀಸಿ, ಕಲ್ಲಿನಲ್ಲಿ ಉಳಿದದ್ದನ್ನು ರಾಗಿಯಲ್ಲಿ ಬೆರೆಸಿ ತಂಗಿಯ ತಟ್ಟೆಗೆ ಕಳಿಸುತ್ತಿದ್ದೆ. ಬೇಕರಿಯವನನ್ನು ಅನುಮಾನಿಸಿದೆ, ಇಂಗನ್ನು ಅನುಮಾನಿಸಿದೆ, ಲ್ಯಾಬನ್ನು, ಡಾಕ್ಟರನ್ನು, ಹುಟ್ಟಿದಾಗಿನಿಂದ ಸುಳ್ಳು ಹೇಳದ ಹುಡುಗಿಯನ್ನು. ನನ್ನ ಮಿಷನ್ನನ್ನು ಯಾಕೆ ಬಿಟ್ಟೆ? ಅದರ ಸದ್ದಿನಲ್ಲೇ ಬೆಳೆದವನಿಗೆ ಇಷ್ಟು ಹೊಳೆಯಲಿಲ್ಲವೆ?

ಅವತ್ತೇ ಮನೆಗೆ ಓಡಿ ಹೇಳಿದೆ ಅಂದುಕೊಂಡಿರಾ? ಇಲ್ಲ. ಅಟ್ಟದಿಂದ ಅವ್ವನ ಬೀಸುವ ಕಲ್ಲು ಇಳಿಸಿದೆ. ಅದು ರಾಗಿ ಬಿಟ್ಟು ಬೇರೆ ಕಾಳು ಕಂಡ ಕಲ್ಲಲ್ಲ. ತೊಳೆದು, ಬಿಸಿಲಿಗಿಟ್ಟು, ಹಿತ್ತಲಲ್ಲಿ ಕೂತು ಗಂಗುವಿನ ರಾಗಿಯನ್ನು ಕೈಯಲ್ಲೇ ಬೀಸತೊಡಗಿದೆ. ‘ಕರೆಂಟಿನ ಗಿರಣಿ ಇಟ್ಕಂಡು ಇದೇನ್ರಿ ಹುಚ್ಚಾಟ?’ ಅಂದಳು ಹೆಂಡತಿ. ವ್ಯಾಯಾಮ ಅಂದೆ.

ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಒಪ್ಪಿಕೊಂಡೆ. ಅವರಿಗೆ ಹೇಳುವುದು ಸುಲಭವಿತ್ತು. ‘ಇದನ್ನ ನಿಮ್ಮ ತಂಗಿಗೆ ಹೇಳಬೇಕಾದವರು ನೀವು, ನಾನಲ್ಲ’ ಅಂದರು. ತೋಳು ಚಾಚಿದೆ, ರಕ್ತ ತೆಗೆದುಕೊಂಡರು. ನನ್ನಲ್ಲೂ ಅದೇ ಜೀನು ಇದೆಯಂತೆ. ಕಾಯಿಲೆ ಇಲ್ಲ. ಜೀನು ಇದ್ದವರಿಗೆಲ್ಲ ಬರುವುದಿಲ್ಲವಂತೆ. ಯಾಕೆ ಅವಳಿಗೆ ಬಂದು ನನ್ನನ್ನು ಬಿಟ್ಟಿತು ಅಂದರೆ, ಅದು ಪೂರ್ತಿ ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಮೊದಲ ಸಲ ನಂಬಿದೆ.

ಕೆಲವು ತಿಂಗಳಾದ ಮೇಲೆ ಗಂಗುವಿನ ಹೊಸ ರಿಪೋರ್ಟು ಬಂತು. ಗುರುತು ಚೆನ್ನಾಗಿ ಇಳಿದಿತ್ತು. ಕೆನ್ನೆಗೆ ಬಣ್ಣ ಬಂದಿತ್ತು. ರಿಪೋರ್ಟು ನೋಡಿ ನನ್ನ ಹೆಂಡತಿ ಖುಷಿಯಿಂದಲೇ ಅಂದಳು: ‘ಸದ್ಯ, ಕದ್ದು ತಿನ್ನೋದು ಬಿಟ್ಟಳು.’

ಗಂಗು ನನ್ನ ಮುಖ ನೋಡಿದಳು. ನಾನು ಅನ್ನ ಕಲಸುತ್ತಿದ್ದೆ. ಕಲಸುತ್ತಲೇ ಇದ್ದೆ. ಬ್ಯಾಗು ತಡಕಿದ್ದಕ್ಕಿಂತ ಆ ಸುಮ್ಮನಿರುವಿಕೆ ದೊಡ್ಡ ತಪ್ಪು.

ಹೋದ ಸೋಮವಾರ ಅವಳು ಮಧ್ಯಾಹ್ನದ ಊಟದ ಡಬ್ಬಿ ಕೊಡಲು ಗಿರಣಿಗೆ ಬಂದಳು. ಹೆಂಗಸರ ಸಾಲು ಇತ್ತು. ಹಾಜಿರಾಬಿಯೂ ಇದ್ದರು. ಮಿಷನ್ ಓಡುತ್ತಿತ್ತು. ಆ ಸದ್ದಿನಲ್ಲಿ ನಾನು ಹೇಳಿದೆ. ಹೇಳಿದ ಹಾಗೂ ಆಗಬೇಕು, ಯಾರಿಗೂ ಕೇಳಿಸಲೂಬಾರದು, ಅಂಥ ದನಿಯಲ್ಲಿ.

‘ಏನಂದೆ? ಏನೂ ಕೇಳ್ಸಲ್ಲ ಕಣಣ್ಣ’ ಅಂದಳು.

ಅವಳನ್ನು ಕಳ್ಳಿ ಅಂದಾಗ ಎಷ್ಟು ಗಟ್ಟಿಯಾಗಿ ಅಂದಿದ್ದೆ ಅನ್ನುವುದು ನೆನಪಾಯಿತು. ಸ್ವಿಚ್ ಆರಿಸಿದೆ. ಮಿಷನ್ನಿನ ಬೆಲ್ಟು ಸುತ್ತಿ ಸುತ್ತಿ ನಿಂತಿತು. ‘ಯಾಕಣ್ಣಾ, ಕರೆಂಟ್ ಹೋಯ್ತಾ?’ ಅಂದರು ಹಾಜಿರಾಬಿ. ಸಾಲಿನವರೆಲ್ಲ ನನ್ನ ಕಡೆ ನೋಡಿದರು. ನೋಡಲಿ.

‘ಗಂಗೂ, ನೀನು ಕದ್ದು ತಿಂದಿಲ್ಲ. ಈ ಮಿಷನ್ನಾಗೆ ಗೋಧಿ ಬೆರೆಸಿ ನಿಂಗೆ ತಿನ್ನಿಸಿದ ಕಳ್ಳ ನಾನು. ತಪ್ಪಾತು ಕಣವ್ವ.’