ಮಾಸಾಜಿ ಮುಗಿಸಲಾಗದ ಸುತ್ತು

ಫುನಾಕಿ ಮಾಸಾಜಿ ಹೆಂಡತಿಗೆ ಹೊಡೆಯುತ್ತಿದ್ದ ಮನುಷ್ಯ. ಅವನ ಕಥೆ ಹೇಳಲು ಕೂತವನು ಇದನ್ನು ಮೊದಲೇ ಹೇಳಿಬಿಡಬೇಕು. ಕೊನೆಗೆ ಹೇಳಿದರೆ ಮೋಸ. ಓಗಾ ಬಂದರಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ತೆಳುವಾದ ಹಲಗೆಯ ಗೋಡೆ. ಆಗ ಅವನು ಮೀನಿನ ದೋಣಿಗೆ ಹೋಗುತ್ತಿದ್ದ. ದಡಕ್ಕೆ ಬಂದು ಸಾಕೆ ಕುಡಿದನೆಂದರೆ ಫುಮಿಯನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದ. ಅವಳ ತಲೆ ಗೋಡೆಗೆ ಬಡಿದರೆ ನಮ್ಮ ಕಪಾಟಿನ ಬಟ್ಟಲುಗಳು ಗಲಗಲ ಅನ್ನುತ್ತಿದ್ದವು. ನಾನೇನು ಮಾಡಿದೆ? ಟೀವಿಯ ಸದ್ದು ಜಾಸ್ತಿ ಮಾಡಿದೆ. ಮರುದಿನ ಬೀದಿಯಲ್ಲಿ ಫುಮಿ ಎದುರಾದಾಗ, ಕಪ್ಪಗೆ ಊದಿದ ಕಣ್ಣು ಕಾಣಲೇ ಇಲ್ಲವೆಂಬಂತೆ, "ಈ ಸಲ ಚಳಿ ಜಾಸ್ತಿ ಅಲ್ವಾ" ಅಂದೆ.

ಒಂದು ಬೆಳಿಗ್ಗೆ ಅವನು ಸಮುದ್ರದಲ್ಲಿದ್ದಾಗ ಫುಮಿ ಮೊದಲನೇ ಬಸ್ಸು ಹತ್ತಿ ಹೋದಳು. ಎರಡು ವರ್ಷ ಮಾಸಾಜಿ ಅವಳನ್ನು ಹುಡುಕಿದ. ಸಿಕ್ಕಿದ್ದರೆ ಕೊಂದೇಬಿಡುತ್ತಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ. ಸಿಗಲಿಲ್ಲ. ಆಮೇಲೆ ಕುಡಿತ ಬಿಟ್ಟ, ದೋಣಿ ಬಿಟ್ಟ, ನಾನು ಕೆಲಸಕ್ಕಿದ್ದ ಟ್ಯಾಕ್ಸಿ ಕಂಪನಿಗೇ ಬಂದು ಸೇರಿದ. ಆ ಮುಷ್ಟಿಗಳಿಗೆ ಬಿಳಿ ಕೈಗವಸು ತೊಟ್ಟು ಇಪ್ಪತ್ತು ವರ್ಷ ಗಿರಾಕಿಗಳಿಗೆ ಸೊಂಟ ಬಗ್ಗಿಸಿದ. ಒಮ್ಮೆಯೂ ದನಿ ಏರಿಸಲಿಲ್ಲ. ಆದರೂ ನಾನು ಅವನನ್ನು ಕ್ಷಮಿಸಲಿಲ್ಲ. ಟೀವಿಯ ಸದ್ದು ಜಾಸ್ತಿ ಮಾಡಿದವನಿಗೆ ಕ್ಷಮಿಸುವ ಅಧಿಕಾರ ಎಲ್ಲಿಯದು ಎಂದು ನೀವು ಕೇಳಬಹುದು. ಕೇಳಿ.

ಹೋದ ಅಕ್ಟೋಬರಿನಲ್ಲಿ ಅವನಿಗೆ 'ಅರ್ಧ ದಿನದ ಕರಾವಳಿ ಸುತ್ತು' ಬಂತು. ರೈಲ್ವೆ ಸ್ಟೇಷನ್ನಿನಿಂದ ಹೊರಟು, ದಕ್ಷಿಣದ ಬಂಡೆಗಳನ್ನು ತೋರಿಸಿ, ನ್ಯೂಡೊ ಭೂಶಿರದ ದೀಪಸ್ತಂಭದ ಹತ್ತಿರ ಊಟಕ್ಕೆ ನಿಲ್ಲಿಸಿ, ನಾಲ್ಕು ಗಂಟೆಯೊಳಗೆ ಹಿಂದಕ್ಕೆ ತಂದುಬಿಡುವ ಸುತ್ತು. ಗಿರಾಕಿ ಟೋಕಿಯೋದ ಹಿರಾಯಾಮ, ಐವತ್ತರ ಆಸುಪಾಸಿನವನು, ಒಳ್ಳೇ ಕೋಟು, ಒಳ್ಳೇ ಶೂ. ಜೊತೆಗೆ ಹೆಂಡತಿ. ಅವಳ ಹೆಸರು ಬುಕಿಂಗ್ ಚೀಟಿಯಲ್ಲಿ ಇರಲಿಲ್ಲ. ಅವನೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, "ಏಯ್" ಅನ್ನುತ್ತಿದ್ದ. ಕಾರಿನಲ್ಲಿ ಆದದ್ದು ನನಗೆ ತಿಳಿದದ್ದು ಆಮೇಲೆ, ಒಳಗಿನ ಕ್ಯಾಮರಾದಿಂದ ಮತ್ತು ಮಾಸಾಜಿಯ ಬಾಯಿಂದ.

ಮೊದಲ ತಿರುವಿನಲ್ಲಿ ಸಮುದ್ರ ಕಂಡಾಗ ಅವಳು ಮುಂದಕ್ಕೆ ಬಾಗಿ, "ಇವತ್ತು ಅಲೆ ಜೋರಾಗಿದೆ ಅಲ್ವಾ?" ಎಂದು ಮಾಸಾಜಿಯನ್ನು ಕೇಳಿದಳು. ಅಷ್ಟೇ.

"ಡ್ರೈವರ್ ಜೊತೆ ಏನೇ ನಿಂಗೆ ಮಾತು?" ಅಂದವನೇ ಹಿರಾಯಾಮ ಕೈಯ ಹಿಂಬದಿಯಿಂದ ಅವಳ ಬಾಯಿಗೆ ಹೊಡೆದ.

ಗಿರಾಕಿಗಳ ಮನೆ ವಿಷಯ ನಮ್ಮ ಕಿವಿಗೆ ಬೀಳಬಾರದು, ಕಂಪನಿಯಲ್ಲಿ ಕಲಿಸುವ ಮೊದಲ ಪಾಠ ಅದು. ಮಾಸಾಜಿ ಕನ್ನಡಿಯಿಂದ ಕಣ್ಣು ಕಿತ್ತು, "ಎಡಗಡೆ ಕಾಣೋದು ಶಿಯೊಸೆ ಬಂಡೆಗಳು ಸಾರ್, ಸೂರ್ಯ ಮುಳುಗೋ ಹೊತ್ತಿಗೆ ತುಂಬಾ ಚೆನ್ನಾಗಿರುತ್ತೆ" ಎಂದು ಶುರುಮಾಡಿದ. ಹಿಂದೆ ಎರಡನೇ ಏಟು ಬಿತ್ತು. ಅವನು ಬಂಡೆಗಳ ವಯಸ್ಸು ಹೇಳಿದ.

ಬಂಡೆಗಳ ಹತ್ತಿರ ಇಳಿದಾಗ ಹಿರಾಯಾಮ ತನ್ನ ಫೋನನ್ನು ಅವನ ಕೈಗೆ ಕೊಟ್ಟು ಫೋಟೋ ತೆಗೆಯಲು ಹೇಳಿದ. ಹೆಂಡತಿಯ ಕೆಳತುಟಿ ಒಡೆದು ಗಲ್ಲದವರೆಗೆ ರಕ್ತ ಇಳಿದಿತ್ತು.

"ಒರೆಸ್ಕೋ. ನಗು. ಹಲ್ಲು ಕಾಣ್ಬೇಕು."

ಅವಳು ನಕ್ಕಳು. ಹಲ್ಲಿನ ಮೇಲೆಲ್ಲ ಕೆಂಪು. "ಇನ್ನೊಂದು ತೆಗಿ," ಅಂದ ಹಿರಾಯಾಮ, "ಇದು ಸರಿ ಬರಲ್ಲ." ಮಾಸಾಜಿ ಒದ್ದೆ ಟವೆಲು ಕೊಟ್ಟು ಇನ್ನೊಂದು ತೆಗೆದ. ಮೂರನೆಯದನ್ನೂ ತೆಗೆದ. ಅದನ್ನು ನನಗೆ ಹೇಳುವಾಗ ಅವನು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ.

ಭೂಶಿರಕ್ಕೆ ಹತ್ತು ನಿಮಿಷ ಇರುವಾಗ ಹಿಂದಿನ ಸೀಟಿನಲ್ಲಿ ನಿಜವಾದ ಹೊಡೆತ ಶುರುವಾಯಿತು. ಎರಡು ಫೋಟೋ ಹಾಳು ಮಾಡಿದ್ದಕ್ಕೆ. ಕೂದಲು ಹಿಡಿದು ಅವಳ ತಲೆಯನ್ನು ಕಿಟಕಿಯ ಗಾಜಿಗೆ ಚಚ್ಚಿದ. ಅಡ್ಡ ಹಿಡಿದ ಕೈಯ ಕಿರುಬೆರಳನ್ನು ಹಿಂದಕ್ಕೆ ಮಡಿಸಿದ. ಬೆರಳು ಲಟಕ್ಕೆಂದಿತು. ಅವಳು ಕಿರುಚಲಿಲ್ಲ, ಉಸಿರನ್ನು ಒಳಗೆಳೆದುಕೊಂಡಳು ಅಷ್ಟೇ. ಅದನ್ನು ಕೇಳಿ ಮಾಸಾಜಿಯ ಕಣ್ಣು ಮತ್ತೆ ಕನ್ನಡಿಗೆ ಹೋಯಿತು. ಫುಮಿ ಕೂಡ ಕಿರುಚುತ್ತಿರಲಿಲ್ಲ.

ನಾನು ಆ ಹೊತ್ತಿಗೆ ಭೂಶಿರದಲ್ಲೇ ಇದ್ದೆ. ನನ್ನ ಗಿರಾಕಿ ಮುದುಕಿಯರು ದೀಪಸ್ತಂಭ ಹತ್ತಲು ಹೋಗಿದ್ದರು. ಮಾಸಾಜಿಯ ಕಾರು ನಿಂತಿತು, ಬಾಗಿಲ ಬದಿಯಲ್ಲಿ ಕೂತಿದ್ದ ಹಿರಾಯಾಮ ಇಳಿದ. "ಆ ಮುಖ ಹೊತ್ಕೊಂಡು ಊಟಕ್ಕೆ ಬರ್ಬೇಡ. ಇಲ್ಲೇ ಬಿದ್ದಿರು," ಎಂದು ಒಳಗೆ ಹೇಳಿ, ತಿರುಗಿಯೂ ನೋಡದೆ ಕಿನುವಮ್ಮನ ಹೋಟೆಲಿಗೆ ನಡೆದ.

ಯಾಕೆ ತಿರುಗಿ ನೋಡುತ್ತಾನೆ? ನಮ್ಮಲ್ಲಿ ಟ್ಯಾಕ್ಸಿಯ ಹಿಂಬಾಗಿಲನ್ನು ಗಿರಾಕಿ ಮುಟ್ಟುವುದಿಲ್ಲ. ತೆರೆಯುವುದು, ಮುಚ್ಚುವುದು ಎಲ್ಲ ಚಾಲಕನ ಸೀಟಿನ ಪಕ್ಕದ ಹಿಡಿಯಿಂದಲೇ. ಹುಟ್ಟಿದಾಗಿನಿಂದ ಬಾಗಿಲು ತೆರೆದಿಟ್ಟೇ ಇಳಿದುಹೋದವರು ನಾವೆಲ್ಲ. ಬೆನ್ನ ಹಿಂದೆ ಅದು ಮುಚ್ಚಿಕೊಂಡ ಸದ್ದಾದರೆ ಯಾರ ತಲೆಯೂ ತಿರುಗುವುದಿಲ್ಲ. ಮಾಸಾಜಿ ಬಾಗಿಲು ಮುಚ್ಚಿದ. ಕಾರು ಹೊರಟಿತು.

ನಾನು ನನ್ನ ಕಾರಿನ ವೈರ್‌ಲೆಸ್ ರೇಡಿಯೋದಲ್ಲಿ ಕೂಗಿದೆ. "ಮಾಸಾಜಿಯಣ್ಣ, ಎಲ್ಲಿಗೆ? ನಿನ್ ಗಿರಾಕಿ ಇಲ್ಲೇ ಊಟಕ್ಕೆ ಕೂತಿದ್ದಾನಲ್ಲೋ!"

"ಗೊತ್ತು ಕಣೋ ಮೆಗುರೊ." ರೇಡಿಯೋ ಆರಿತು.

ಕೆಂಡದಂತೆ ಕಾದ ಕಲ್ಲುಗಳನ್ನು ಮರದ ತೊಟ್ಟಿಗೆ ಹಾಕಿ ಮೀನಿನ ಸಾರು ಕುದಿಸುವುದು ಕಿನುವಮ್ಮನ ಹೋಟೆಲಿನ ಊಟ. ಆತುರದಲ್ಲಿ ಆಗುವಂಥದ್ದಲ್ಲ. ಹಿರಾಯಾಮ ಒಬ್ಬನೇ ಕೂತು, ಬಿಯರು ಹೀರುತ್ತ, ಚಪ್ಪರಿಸಿ ಉಂಡ. ಹಲ್ಲು ಕಡ್ಡಿ ಕಚ್ಚಿಕೊಂಡು ಅವನು ಹೊರಗೆ ಬರುವುದಕ್ಕೂ ಮಾಸಾಜಿಯ ಕಾರು ವಾಪಸು ಬರುವುದಕ್ಕೂ ಸರಿಹೋಯಿತು. ಹಿಂದಿನ ಸೀಟು ಖಾಲಿ.

ಪೆದ್ದ! ಹೋದವನು ಹಾಗೇ ಹೋಗಬಾರದಿತ್ತೇ? ಗಿರಾಕಿಯ ಹೆಂಡತಿಯನ್ನು ಓಡಿಸಿಬಿಟ್ಟು, ಗಿರಾಕಿಯ ಸುತ್ತು ಮುಗಿದಿಲ್ಲವೆಂದು ತಿರುಗಿ ಬಂದಿದ್ದ. ಇಳಿದು ನಿಂತು, ಸೊಂಟ ಬಗ್ಗಿಸಿ, "ಹತ್ತಿ ಸಾರ್, ಇನ್ನೂ ಮುಕ್ಕಾಲು ಗಂಟೆ ಇದೆ" ಅಂದ.

"ಅವಳೆಲ್ಲಿ?"

"ಅಮ್ಮಾವ್ರು ಇಳಿದ್ರು ಸಾರ್."

"ಎಲ್ಲಿ?"

"ಅದನ್ನ ಹೇಳೋ ಹಾಗಿಲ್ಲ ಸಾರ್."

ಮೊದಲ ಗುದ್ದಿಗೆ ಮಾಸಾಜಿಯ ಮೂಗು ಮುರಿಯಿತು. ಬಗ್ಗಿದವನ ಮುಖಕ್ಕೆ ಮೊಣಕಾಲು ಬಿತ್ತು. ಕಾರಿನ ಬಾಗಿಲಿಗೆ ಆತುಕೊಂಡ ಅವನ ಕೈಯ ಮೇಲೆ ಹಿರಾಯಾಮ ಬಾಗಿಲನ್ನೇ ಬಡಿದ, ತೆರೆದು ಇನ್ನೊಮ್ಮೆ ಬಡಿದ. ಬಿಳಿ ಕೈಗವಸು ಒದ್ದೆಯಾಯಿತು. ಮಾಸಾಜಿ ಕುಸಿದಾಗ ಪಕ್ಕೆಗೆ, ಹೊಟ್ಟೆಗೆ, ಬೆನ್ನಿಗೆ ಒದ್ದ. ಪ್ರತಿ ಒದೆಗೂ ಒಂದೇ ಪ್ರಶ್ನೆ, "ಎಲ್ಲಿ? ಎಲ್ಲಿ?" ದೋಣಿಯ ಹಗ್ಗ ಒಂಟಿ ಕೈಯಲ್ಲಿ ಎಳೆಯುತ್ತಿದ್ದ ಆಸಾಮಿ ಒಂದು ಬೆರಳೂ ಎತ್ತಲಿಲ್ಲ.

ಮಾಸಾಜಿ ಒದೆ ತಿನ್ನುವುದನ್ನು ನೋಡಬೇಕೆಂದು ಒಂದು ಕಾಲದಲ್ಲಿ ನಾನು ಆಸೆಪಟ್ಟದ್ದುಂಟು. ಈಗ ನಿಂತು ನೋಡಲಾಗಲಿಲ್ಲ. ಡಿಕ್ಕಿಯಿಂದ ಜಾಕಿನ ಸಲಾಕೆ ತೆಗೆದು ಓಡಿ ಹಿರಾಯಾಮನ ಬೆನ್ನಿಗೆ ಬಾರಿಸಿದೆ. ಸುಳ್ಳು ಯಾಕೆ, ಖುಷಿಯಾಯಿತು. ಎರಡನೆಯದನ್ನು ಇನ್ನೂ ಜೋರಾಗಿ ಬಾರಿಸಿದೆ. ಅಷ್ಟರಲ್ಲಿ ಕಿನುವಮ್ಮ ಕಾದ ಕಲ್ಲೊಂದನ್ನು ಇಕ್ಕಳದಲ್ಲಿ ಕಚ್ಚಿಸಿಕೊಂಡು ಬಂದು ಅವನ ಮೂಗಿನ ಮುಂದೆ ಹಿಡಿದಳು. "ಇನ್ನೊಂದ್ ಸಲ ಕಾಲೆತ್ತು ನೋಡೋಣ. ಬಾಯೊಳಗೆ ಇಡ್ತೀನಿ." ಪೊಲೀಸರು ಬರುವವರೆಗೂ ಅವನು ನೆಲದ ಮೇಲೆ ಅಲ್ಲಾಡದೆ ಕೂತಿದ್ದ.

ಹಿರಾಯಾಮನ ಮೇಲೆ ಕೇಸಾಯಿತು, ನನ್ನ ಮೇಲೂ ಆಯಿತು. ಕಂಪನಿ ಮಾಸಾಜಿಯನ್ನು ಕೆಲಸದಿಂದ ತೆಗೆಯಿತು. ಆ ಹೆಂಗಸು ಮಾತ್ರ ಇವತ್ತಿನವರೆಗೆ ಗಂಡನ ಕೈಗೆ ಸಿಕ್ಕಿಲ್ಲ; ಅವನ ವಕೀಲ ನಮಗೆ ಬರೆದ ಕಾಗದಗಳಲ್ಲೆಲ್ಲ ಇನ್ನೂ "ಎಲ್ಲಿ" ಎಂಬ ಪ್ರಶ್ನೆಯೇ ಇದೆ.

ಅವತ್ತು ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದದ್ದು ನಾನೇ. ದಾರಿಯುದ್ದಕ್ಕೂ ಬೈದೆ. "ಕೈ ಇರಲಿಲ್ವೇನೋ ನಿಂಗೆ? ಒಂದೇಟು ಕೊಡಬಾರದಿತ್ತಾ?"

"ಕೊಟ್ಟಿದ್ರೆ ನಿಲ್ಲಿಸೋಕೆ ಆಗ್ತಿರಲಿಲ್ಲ ಕಣೋ," ಅಂದ ಮಾಸಾಜಿ, ರಕ್ತ ಉಗಿದು. "ನನ್ ಕೈ ನಂಗೆ ಗೊತ್ತು."

ಆಮೇಲೆ ಅವನೇ ಮಾತೆತ್ತಿದ. "ದಾರೀಲಿ ಆಯಮ್ಮ ಅಳ್ತಾ ಇದ್ಲು. ಕಾರು ತಿರುಗಿಸಿ, ಅವರು ನನ್ನ ಸಾಯಿಸ್ಬಿಡ್ತಾರೆ ಅಂತಿದ್ಲು. ನಾನು ಹೇಳ್ದೆ, ರೈಲಿಂದ ಅಕಿತಾದಲ್ಲಿ ಇಳೀಬೇಡಿ, ಮೊದ್ಲು ಹುಡುಕೋದೇ ಅಲ್ಲಿ. ಅಕ್ಕನ ಮನೆಗೆ ಹೋಗ್ಬೇಡಿ, ಗೆಳತಿ ಮನೆಗೂ ಬೇಡ. ಫೋನ್ ಇಟ್ಕೋಬೇಡಿ. ಆರು ತಿಂಗಳು ಬಿಟ್ಟು, ತಪ್ಪಾಯ್ತು ಅಂತ ಅತ್ಕೊಂಡು ಯಾರ್ ಹತ್ರನಾದ್ರೂ ಹೇಳಿ ಕಳಿಸ್ತಾನೆ, ನಂಬ್ಬೇಡಿ ಅಂದೆ. ಅಳು ನಿಲ್ಲಿಸಿ ಕೇಳಿದ್ಲು, 'ಇದೆಲ್ಲ ನಿಮಗೆ ಹೇಗೆ ಗೊತ್ತು?'"

"ಏನಂದೆ?"

"ನಾನು ಹಂಗೇ ಹುಡುಕಿದ್ದೆ ಅಂದೆ."

ನಾನು ಗೇರು ಬದಲಿಸಿದೆ.

"ಮೂಲೆಗೆ ಸರಿದು ಕೂತ್ಕೊಂಡ್ಲು. ಸ್ಟೇಷನ್ ಹತ್ರ ಕಾರು ನಿಲ್ಲಿಸಿದ ಮೇಲೆ ಕೇಳಿದ್ಲು, 'ನಿಮ್ಮ ಹೆಂಡ್ತಿ ವಾಪಸ್ ಬಂದ್ರಾ?' ಇಲ್ಲಮ್ಮ, ಬರಲಿಲ್ಲ ಅಂದೆ."

"ಅದಕ್ಕೆ?"

"'ಸದ್ಯ, ಬದುಕ್ಕೊಂಡ್ರು' ಅಂದ್ಲು. ಬಾಗಿಲು ತೆಗೆದೆ. ಹೋದ್ಲು."